ಕೆಟ್ಟ ಎಲೆ ಬಂದರೂ ಆಡಬೇಕೆ?

ಇಸ್ಪೀಟು ಎಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಊರಾಚೆಯ ತೋಟದಲ್ಲಿ ಅಂದರ್-ಬಾಹರ್ ಆಡುತ್ತಿದ್ದವರ ಮೇಲೆ ಪೊಲೀಸರ ದಾಳಿ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆದರೆ ಶಾಲಾ ಕಾಲೇಜುಗಳ ಗಣಿತದಲ್ಲಿ ಬರುವ ಸಂಭವನೀಯತೆಯ ಪಾಠ ಬೆಳೆದದ್ದೇ ಜೂಜಿನ ಲೆಕ್ಕದಿಂದ. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರಗಳ ಮೂಲಕ ಚರ್ಚಿಸಿದ್ದು, ಅರ್ಧಕ್ಕೆ ನಿಂತ ಆಟದ ಪಣವನ್ನು ಹೇಗೆ ಹಂಚಬೇಕು ಎಂಬುದನ್ನು. ಅದೇ ಸಾಲಿಗೆ ಸೇರುವ ಪ್ರಶ್ನೆಯೊಂದು ಪೋಕರ್ ಆಟದಲ್ಲಿದೆ: ಇಬ್ಬರೇ ಆಡುವಾಗ, ಎಲೆ ಹಂಚುವ ಸರದಿಯವನು ಎಷ್ಟು ಕೆಟ್ಟ ಎಲೆಯವರೆಗೆ ಆಟಕ್ಕಿಳಿಯಬಹುದು?

ಆಟದ ಹೆಸರು ಟೆಕ್ಸಾಸ್ ಹೋಲ್ಡೆಮ್. ಇಬ್ಬರಿಗೂ ಎರಡೆರಡು ಗುಪ್ತ ಎಲೆ. ಬಳಿಕ ಮೇಜಿನ ಮೇಲೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು, ಹೀಗೆ ಇಬ್ಬರಿಗೂ ಸೇರಿದ ಐದು ಎಲೆಗಳು ಬೀಳುತ್ತವೆ. ಒಟ್ಟು ಏಳರಲ್ಲಿ ಯಾರ ಶ್ರೇಷ್ಠ ಐದು ಎಲೆ ಮೇಲೋ ಅವರು ಗೆದ್ದಂತೆ. ನಡುವೆ ನಾಲ್ಕು ಸುತ್ತು ಪಣ. ಹಂಚುವವನ ಗುರುತಿಗಾಗಿ ಮುಂದೆ ಇಡುವ ಬಿಲ್ಲೆಗೆ ‘ಬಟನ್’ ಎಂದು ಹೆಸರು. ಅದು ಪ್ರತಿ ಆಟಕ್ಕೂ ಆಚೆಗೊಮ್ಮೆ ಈಚೆಗೊಮ್ಮೆ ಹೋಗುತ್ತದೆ. ಎಲೆ ನೋಡುವ ಮೊದಲೇ ಬಟನ್‌ನವನು 1 ಬಿಲ್ಲೆ, ಎದುರಾಳಿ 2 ಬಿಲ್ಲೆ ಇಡುವುದು ಕಡ್ಡಾಯ. ಇದಕ್ಕೆ ‘ಬ್ಲೈಂಡ್’ ಎನ್ನುತ್ತಾರೆ. ಮೊದಲ ಸುತ್ತಿನಲ್ಲಿ ಬಟನ್‌ನವನೇ ಮೊದಲು ತೀರ್ಮಾನಿಸಬೇಕು. ಉಳಿದ ಮೂರು ಸುತ್ತುಗಳಲ್ಲಿ ಮಾತ್ರ ಕೊನೆಯ ಮಾತು ಅವನದು.

52 ಎಲೆಗಳಿಂದ ಎರಡನ್ನು ಆರಿಸುವ ವಿಧಗಳು 1326. ಆಟದ ದೃಷ್ಟಿಯಿಂದ ಒಂದೇ ಬೆಲೆಯವನ್ನು ಒಟ್ಟುಗೂಡಿಸಿದರೆ ಉಳಿಯುವುದು 169: ಜೋಡಿಗಳು 13, ಒಂದೇ ಜಾತಿಯವು 78, ಬೇರೆ ಜಾತಿಯವು 78. ಇವುಗಳಲ್ಲಿ ಎಕ್ಕದ ಜೋಡಿ ಅತಿ ಶ್ರೇಷ್ಠ. ಎದುರಾಳಿಯ ಎಲೆ ಯಾವುದೇ ಇರಲಿ, ಪಣ ಏರಿಸದೆ ಕೊನೆಯವರೆಗೆ ಆಡಿದರೆ ಅದು ನೂರಕ್ಕೆ 85 ಬಾರಿ ಗೆಲ್ಲುತ್ತದೆ. ಬೇರೆ ಬೇರೆ ಜಾತಿಯ ರಾಣಿ ಮತ್ತು ಏಳು ಸುಮಾರಾಗಿ ನಡುಮಟ್ಟದ್ದು, ನೂರಕ್ಕೆ 52. ಹಾಗಾದರೆ ಮೇಲಿನ ಅರ್ಧವನ್ನು ಆಡಿ ಕೆಳಗಿನ ಅರ್ಧವನ್ನು ಬಿಡಬೇಕು ಎಂದು ಯಾರಿಗಾದರೂ ತೋರುತ್ತದೆ. ತೋರುವುದು ಸರಿಯಾದರೂ ಲೆಕ್ಕ ತಪ್ಪು.

ತಪ್ಪಿಗೆ ಮೊದಲ ಕಾರಣ, ಎಲೆ ಕೆಳಗಿಡುವುದು ಪುಕ್ಕಟೆಯಲ್ಲ. ಬಟನ್‌ನವನ 1 ಬಿಲ್ಲೆ ಆಗಲೇ ಮೇಜಿನ ಮೇಲಿದೆ. ಎಲೆ ಕೆಳಗಿಟ್ಟರೆ ಅದು ಹೋದಂತೆಯೇ. ಸರಾಸರಿ ಮುಕ್ಕಾಲು ಬಿಲ್ಲೆ ಕಳೆಯುವ ಎಲೆಯೊಂದು ಕೈಗೆ ಬಂದರೆ ಅದನ್ನು ಆಡುವುದೇ ಜಾಣತನ, ಕಾಲು ಬಿಲ್ಲೆ ಉಳಿಯುತ್ತದೆ. ‘ಈ ಎಲೆಯಿಂದ ಲಾಭವಿದೆಯೆ’ ಎಂಬುದಲ್ಲ, ‘ಬಿಟ್ಟುಕೊಟ್ಟರೆ ಆಗುವ ನಷ್ಟಕ್ಕಿಂತ ಆಡಿದರೆ ಆಗುವ ನಷ್ಟ ಕಡಿಮೆಯೆ’ ಎಂಬುದು ಕೇಳಬೇಕಾದ ಪ್ರಶ್ನೆ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಎಲ್ಲವನ್ನೂ ಸೊನ್ನೆಯೊಂದಿಗೆ ಹೋಲಿಸುವ ಅಭ್ಯಾಸ ಬೇಗ ಬಿಡುವುದಿಲ್ಲ.

ಎರಡನೆಯದು, ಎದುರಾಳಿಯೂ ಹಿಂಜರಿಯಬಹುದು. ಬಟನ್‌ನವನು ತನ್ನ ಪಣವನ್ನು 4ಕ್ಕೆ ಏರಿಸಿದನೆನ್ನಿ. ಅವನು ಹೊಸದಾಗಿ ಹಾಕಿದ್ದು 3. ಮೇಜಿನ ಮೇಲೆ ಮೊದಲೇ ಇದ್ದದ್ದೂ 3. ಎದುರಾಳಿ ಎರಡರಲ್ಲಿ ಒಂದು ಬಾರಿ ಎಲೆ ಕೆಳಗಿಟ್ಟರೆ ಸಾಕು, ಬಟನ್‌ನವನು ತನ್ನ ಎಲೆಯನ್ನು ನೋಡದೆಯೇ ಏರಿಸಿದರೂ ಕೈ ಸುಡುವುದಿಲ್ಲ. ಅದಕ್ಕಿಂತ ಹೆಚ್ಚು ಬಾರಿ ಹಿಂಜರಿದರೆ ಯಾವ ಎರಡು ಎಲೆಯೂ ಲಾಭವೇ.

ಇನ್ನು ಎದುರಾಳಿಯ ಕಡೆಯಿಂದ ನೋಡಿದರೆ, ಅವನು 2 ಬಿಲ್ಲೆ ಸೇರಿಸಿದರೆ ಒಟ್ಟು 8 ಆಗುತ್ತದೆ. ಅಂದರೆ ನಾಲ್ಕರಲ್ಲಿ ಒಂದು ಬಾರಿ ಗೆಲ್ಲುವಂತಿದ್ದರೂ ಹಾಕಿದ್ದು ಹುಟ್ಟುತ್ತದೆ. ಬೇರೆ ಜಾತಿಯ ಎರಡು-ಮೂರರಂಥ ಕಳಪೆ ಎಲೆಯೂ ನೂರಕ್ಕೆ 32 ಬಾರಿ ಗೆಲ್ಲುತ್ತದೆಯಲ್ಲ, ಹಾಗಾದರೆ ಅವನು ಯಾವುದನ್ನೂ ಬಿಡಬಾರದೆ? ಅಷ್ಟು ಸರಳವಲ್ಲ. ಪಣ ಏರಿಸಿದವನ ಎಲೆಗಳಲ್ಲಿ ತೀರಾ ಕಸ ಆಗಲೇ ಸೋಸಿ ಹೋಗಿರುತ್ತದೆ. ಜೊತೆಗೆ ಮುಂದಿನ ಮೂರು ಸುತ್ತಿನಲ್ಲೂ ಎದುರಾಳಿ ಮೊದಲು ಮಾತಾಡಬೇಕು, ಬಟನ್‌ನವನು ಅದನ್ನು ಕೇಳಿಕೊಂಡು ತೀರ್ಮಾನಿಸುತ್ತಾನೆ. ಹಾಗಾಗಿ ಕಾಗದದ ಮೇಲಿನ 32 ಪೂರ್ತಿಯಾಗಿ ಕೈಸೇರುವುದಿಲ್ಲ. ಒಬ್ಬ ಎಷ್ಟು ಎಲೆ ಆಡಬೇಕೆಂಬುದನ್ನು ಇನ್ನೊಬ್ಬ ಎಷ್ಟು ಬಿಡುತ್ತಾನೆಂಬುದು ನಿರ್ಧರಿಸುತ್ತದೆ, ಅವನದನ್ನು ಇವನದು.

ಈ ಸುತ್ತುಸುತ್ತಿನ ಗಂಟನ್ನು ಬಿಡಿಸುವ ದಾರಿ ತೋರಿದವನು ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾನ್ ಫಾನ್ ನಾಯ್‌ಮನ್. 1928ರ ಪ್ರಬಂಧದಲ್ಲಿ ಅವನು, ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗುವ ಇಬ್ಬರ ಆಟಗಳಲ್ಲಿ ಸಮತೋಲದ ಬಿಂದುವೊಂದು ಇದ್ದೇ ಇರುತ್ತದೆಂದು ಸಾಧಿಸಿದ. 1944ರಲ್ಲಿ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ಗ್ರಂಥದಲ್ಲಿ ಸರಳಗೊಳಿಸಿದ ಪೋಕರ್‌ಗೇ ಒಂದು ಭಾಗ ಮೀಸಲು. ಉತ್ತಮ ಎಲೆಗಳಲ್ಲಿ ಮಾತ್ರವಲ್ಲ, ಅತಿ ಕೆಟ್ಟ ಎಲೆಗಳಲ್ಲಿ ಕೆಲವದರಲ್ಲೂ ಪಣ ಹೂಡಬೇಕು, ನಡುವಿನವನ್ನು ಸುಮ್ಮನೆ ಆಡಬೇಕು ಎಂದು ಅಲ್ಲಿ ಲೆಕ್ಕ ಹೇಳಿತು. ಜೂಜುಕೋರರ ಕುತಂತ್ರವೆನಿಸಿದ್ದ ‘ಬ್ಲಫ್’ ಹೀಗೆ ಗಣಿತದ ಅಗತ್ಯವಾಯಿತು.

ನಿಜವಾದ ಆಟಕ್ಕೆ ಉತ್ತರ ಸಿಗಲು ಗಣಕಯಂತ್ರಗಳು ಬೇಕಾದವು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಬೌಲಿಂಗ್ ಮತ್ತು ಸಂಗಡಿಗರು ರೂಪಿಸಿದ ‘ಸೀಫಿಯಸ್’ ಎಂಬ ಕಾರ್ಯಕ್ರಮ 4800 ಸಂಸ್ಕಾರಕಗಳಲ್ಲಿ 68 ದಿನ ತನ್ನೊಡನೆ ತಾನೇ ಆಡಿತು. ಪಣದ ಗಾತ್ರ ನಿಗದಿಯಾಗಿರುವ ಇಬ್ಬರ ಹೋಲ್ಡೆಮ್ ಬಿಡಿಸಿದಂತಾಯಿತೆಂಬ ವರದಿ 2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಟೆಗೆ 200 ಆಟದಂತೆ ದಿನಕ್ಕೆ 12 ಗಂಟೆ, 70 ವರ್ಷ ಬಿಡದೆ ಆಡಿದರೂ ಅದು ಪರಿಪೂರ್ಣ ಆಟಗಾರ ಅಲ್ಲವೆಂದು ಖಚಿತವಾಗಿ ತೋರಿಸಲಾಗದು, ಅಷ್ಟು ಕರಾರುವಾಕ್ಕು.

ಬಟನ್ ತನ್ನದಾದಾಗ ಸೀಫಿಯಸ್ ಬಹುಪಾಲು ಎಲೆಗಳಲ್ಲಿ ಪಣ ಏರಿಸುತ್ತದೆ; ಕೆಳಗಿಡುವುದು ಎರಡು-ಮೂರು, ಎರಡು-ಏಳರಂಥ ಜಾತಿ ಕೂಡದ ಸಣ್ಣ ಎಲೆಗಳನ್ನು. ಏರಿಸದೆ, ಬಿಡದೆ, ಕೇವಲ ಸರಿಸಮ ಮಾಡಿ ಕೂರುವುದು ಹತ್ತು ಸಾವಿರಕ್ಕೆ ಆರು ಬಾರಿ ಮಾತ್ರ. ಎದುರಾಳಿಯ ಜಾಗದಲ್ಲೂ ಅದು ಬಹಳಷ್ಟು ಮನುಷ್ಯರಿಗಿಂತ ಹೆಚ್ಚು ಎಲೆಗಳನ್ನು ಆಡುತ್ತದೆ.

ಪೋಷಕರು ಗಮನಿಸಬೇಕಾದ ಅಂಕಿ ಮಾತ್ರ ಬೇರೆ. ಇಬ್ಬರೂ ಪರಿಪೂರ್ಣವಾಗಿ ಆಡಿದರೆ ಬಟನ್‌ನವನಿಗೆ ಸಿಗುವ ಸರಾಸರಿ ಲಾಭ ದೊಡ್ಡ ಬ್ಲೈಂಡಿನ ಸಾವಿರದಲ್ಲಿ 88 ಭಾಗ, ಅಂದರೆ ಮೇಲಿನ ಲೆಕ್ಕದಲ್ಲಿ ಬಿಲ್ಲೆಯ ಐದನೇ ಒಂದು ಭಾಗವೂ ಅಲ್ಲ. ಮುಂದಿನ ಆಟದಲ್ಲಿ ಬಟನ್ ಎದುರಿಗೆ ಹೋಗುವುದರಿಂದ ಅದೂ ವಜಾ. ಆದರೆ ಒಂದು ಆಟದ ಏರಿಳಿತ, ಅಂದರೆ ಮಾನಕ ವಿಚಲನೆ, ಸುಮಾರು 10 ಬಿಲ್ಲೆ! ಪ್ರತಿ ಆಟಕ್ಕೂ ಸರಾಸರಿ 0.1 ಬಿಲ್ಲೆ ಗಳಿಸಬಲ್ಲ ಒಬ್ಬ ಪಳಗಿದ ಆಟಗಾರ ಇದ್ದಾನೆಂದಿಟ್ಟುಕೊಂಡರೆ, ಹತ್ತು ಸಾವಿರ ಆಟಗಳ ನಂತರ ಅವನ ನಿರೀಕ್ಷಿತ ಗಳಿಕೆ 1000, ಏರಿಳಿತವೂ 1000. ಅಷ್ಟು ಆಡಿಯೂ ಆರರಲ್ಲಿ ಒಂದರಷ್ಟು ಸಂಭವ ಅವನು ನಷ್ಟದಲ್ಲಿರುವುದು. ಅಂಥಲ್ಲಿ ಒಂದು ವಾರ ಗೆದ್ದ ಹುಡುಗ ತನ್ನನ್ನು ಜಾಣನೆಂದುಕೊಳ್ಳಲು ಯಾವ ಆಧಾರವೂ ಇಲ್ಲ. ಇದರ ಮೇಲೆ ಆಟ ನಡೆಸುವ ಮನೆಯ ಪಾಲು ಬೇರೆ. ಸಮಬಲದ ಇಬ್ಬರು ಕೂತರೆ ಇಬ್ಬರೂ ಸೋಲುವುದು ಅದರಿಂದಲೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ನಿಷೇಧಿಸಿದೆ.

ಗಣಿತವನ್ನು ಪರೀಕ್ಷಿಸಲು ಹಣವೇನೂ ಬೇಕಿಲ್ಲ, ಹುಣಸೆ ಬೀಜ ಸಾಕು. ಹೆರಾಲ್ಡ್ ಕೂನ್ ಎಂಬ ಗಣಿತಜ್ಞ 1950ರಲ್ಲಿ ಮೂರೇ ಎಲೆಯ ಪೋಕರ್ ಒಂದನ್ನು ರೂಪಿಸಿದ: ರಾಜ, ರಾಣಿ, ಗುಲಾಮ. ಇಬ್ಬರೂ ಒಂದೊಂದು ಬೀಜ ಇಟ್ಟು ಒಂದೊಂದು ಎಲೆ ತೆಗೆದುಕೊಳ್ಳಬೇಕು. ಮೊದಲನೆಯವನು ಇನ್ನೊಂದು ಬೀಜ ಹೂಡಬಹುದು ಅಥವಾ ಸುಮ್ಮನಿರಬಹುದು. ಸುಮ್ಮನಿದ್ದರೆ ಆ ಅವಕಾಶ ಎರಡನೆಯವನಿಗೆ. ಒಬ್ಬ ಹೂಡಿದರೆ ಇನ್ನೊಬ್ಬ ಸರಿಗಟ್ಟಬೇಕು ಇಲ್ಲವೆ ಎಲೆ ಕೆಳಗಿಡಬೇಕು. ಎರಡನೆಯವನಿಗೆ ದಾಳವೊಂದು ಬೇಕು. ರಾಜ ಬಂದರೆ ಅವನು ಸದಾ ಹೂಡಬೇಕು, ಸರಿಗಟ್ಟಲೂಬೇಕು. ಗುಲಾಮ ಬಂದು ಮೊದಲನೆಯವನು ಸುಮ್ಮನಿದ್ದರೆ, ದಾಳದಲ್ಲಿ 1 ಅಥವಾ 2 ಬಿದ್ದಾಗ ಮಾತ್ರ ಸುಳ್ಳು ಪಣ ಹೂಡಬೇಕು. ಮೊದಲನೆಯವನೇ ಹೂಡಿದ್ದರೆ ಗುಲಾಮನನ್ನು ಕೆಳಗಿಡಬೇಕು. ರಾಣಿ ಇದ್ದಾಗ ತಾನಾಗಿ ಹೂಡಬಾರದು, ಎದುರಿನವನು ಹೂಡಿದರೆ ಅದೇ ದಾಳದ ಲೆಕ್ಕದಲ್ಲಿ ಸರಿಗಟ್ಟಬೇಕು. ಮೊದಲನೆಯವನು ಎಷ್ಟೇ ಬುದ್ಧಿ ಓಡಿಸಿದರೂ ಆಟಕ್ಕೆ ಸರಾಸರಿ 1/18 ಬೀಜ ಕಳೆದುಕೊಳ್ಳುತ್ತಾನೆ, 180 ಆಟಕ್ಕೆ ಹತ್ತು ಬೀಜ. ಅಣ್ಣ ತಂಗಿ ಆಡಿ ಬರೆದಿಟ್ಟುಕೊಂಡರೆ ಮೊದಲ ದಿನ ಹತ್ತು ಬರಲಿಕ್ಕಿಲ್ಲ, ಲೆಕ್ಕ ತಿರುವುಮುರುವಾಗಿಯೂ ಕಾಣಬಹುದು. ಬೇಸಿಗೆ ರಜೆ ಉದ್ದವಾಗಿದೆ, ಹುಣಸೆ ಬೀಜಕ್ಕೂ ಆಗ ಬರವಿಲ್ಲ.