ಬಂಡೆಯ ಅಂಚು ಎಲ್ಲಿಂದ ಆರಂಭ?

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ 1,478 ಮೀಟರು ಎತ್ತರಕ್ಕೆ ತಲೆಯೆತ್ತಿ ನಿಂತಿರುವ ನಂದಿಬೆಟ್ಟವನ್ನು ಕಾಣದ ಕುಟುಂಬಗಳು ನಗರದಲ್ಲಿ ವಿರಳ. ನಸುಕಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಹೊರಟು, ಕಾಲ ಕೆಳಗೆ ಹಾಸಿದಂತಿರುವ ಮೋಡಗಳ ಮೇಲೆ ಸೂರ್ಯನು ಮೂಡುವುದನ್ನು ನೋಡಿ ಬರುವುದು ಮಕ್ಕಳಿಗಷ್ಟೇ ಅಲ್ಲ, ಹಿರಿಯರಿಗೂ ಹಬ್ಬವೇ ಸರಿ. ಆದರೆ ಆ ಸೊಬಗಿನ ಮಗ್ಗುಲಲ್ಲಿಯೇ ಪ್ರಪಾತವೂ ಇದೆ.

2022ರ ಫೆಬ್ರವರಿ 20ರಂದು ತರುಣ ವಿದ್ಯಾರ್ಥಿಯೊಬ್ಬನು ಇಲ್ಲಿ ಕಾಲು ಜಾರಿ ಸುಮಾರು 300 ಅಡಿ ಕೆಳಕ್ಕೆ ಬಿದ್ದು, ಬಂಡೆಯ ಕಿರಿದಾದ ಚಾಚೊಂದರ ಮೇಲೆ ಸಿಕ್ಕಿಕೊಂಡನು. ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರು ಅವನನ್ನು ಮೇಲೆತ್ತಿ ಆಸ್ಪತ್ರೆಗೆ ಸಾಗಿಸಿತು. ಅವನು ಬದುಕಿದನು. ಬಿದ್ದವರಿಗೆಲ್ಲ ಅಂತಹ ಆಸರೆ ದೊರೆಯುವುದಿಲ್ಲ.

‘ಅಂಚಿನ ಹತ್ತಿರ ಹೋಗಬೇಡ’ ಎಂದು ಮಕ್ಕಳಿಗೆ ಹೇಳದ ತಾಯಿಯಿಲ್ಲ. ಆದರೆ ಅಂಚು ಎಲ್ಲಿಂದ ಆರಂಭವಾಗುತ್ತದೆ? ನಂದಿಯಂತಹ ಬೆಟ್ಟದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಲ್ಲ. ಅದು ಕಣಶಿಲೆಯ ಬೆಟ್ಟ. ಇಂತಹ ಬಂಡೆಯು ಯುಗಯುಗಗಳಿಂದ ಈರುಳ್ಳಿಯಂತೆ ಪದರ ಪದರವಾಗಿ ಕಳಚುತ್ತ ಬಂದುದರಿಂದ ಅದರ ನೆತ್ತಿ ಬೋರಲು ಹಾಕಿದ ಮಡಕೆಯಂತೆ ಗುಂಡಗಾಗಿದೆ. ಮೇಜಿಗೆ ಅಂಚುಂಟು, ಮಡಕೆಯ ಬೆನ್ನಿಗೆ ಅಂಚೆಲ್ಲಿಯದು? ಹೆಜ್ಜೆ ಹೆಜ್ಜೆಗೂ ಇಳಿಜಾರು ತುಸು ತುಸುವೇ ಹೆಚ್ಚುತ್ತದೆ. ಹಿಂದಿನ ಹೆಜ್ಜೆ ನಿಂತಿತೆಂಬ ಧೈರ್ಯದಿಂದ ಮುಂದಿನದನ್ನು ಇಟ್ಟಾಗ ಪಾದದ ಹಿಡಿತ ಥಟ್ಟನೆ ತಪ್ಪುತ್ತದೆ. ಅಲ್ಲಿ ಹಿಡಿದುಕೊಳ್ಳಲು ಗಿಡವೂ ಇರುವುದಿಲ್ಲ. ಆದುದರಿಂದ ಅಪಾಯ ಆರಂಭವಾಗುವುದು ಕಣಿವೆ ಕಾಣುವ ಕಡೆಯಲ್ಲಲ್ಲ, ನೆಲ ಇಳಿಯತೊಡಗುವ ಕಡೆಯಲ್ಲಿ.

ಮಳೆಗಾಲದಲ್ಲಿ ಬಂಡೆಯ ಮೇಲೆ ಪಾಚಿ ಕಟ್ಟುತ್ತದೆ. ಮುಂಜಾನೆಯ ಮಂಜೊಂದೇ ಸಾಕು, ಅದನ್ನು ಎಣ್ಣೆ ಸುರಿದಂತೆ ಮಾಡಲು. ಬೇಸಿಗೆಯಲ್ಲಾದರೂ ನಿಶ್ಚಿಂತೆಯಿಲ್ಲ. ಶಿಲೆ ಸವೆದು ಉದುರಿದ ಬೆಣಚುಕಲ್ಲಿನ ಹರಳುಗಳ ಮೇಲೆ ನಡೆಯುವುದು ರಾಗಿ ಚೆಲ್ಲಿದ ಗಚ್ಚುನೆಲದ ಮೇಲೆ ನಡೆದಂತೆಯೇ.

ಬಂಡೆಯಂತೆ ನಮ್ಮ ಕಣ್ಣೂ ಮೋಸಗೊಳಿಸುವುದುಂಟು. ನಿಂತ ಮನುಷ್ಯನ ದೇಹವು ಸದಾ ಅತಿ ಸೂಕ್ಷ್ಮವಾಗಿ ತೂಗಾಡುತ್ತಿರುತ್ತದೆ. ಹತ್ತಿರದ ವಸ್ತುಗಳು ಕದಲಿದಂತೆ ಕಾಣುವುದರಿಂದ ಕಣ್ಣು ಅದನ್ನು ಗುರುತಿಸಿ ತಿದ್ದಿಕೊಳ್ಳಲು ನೆರವಾಗುತ್ತದೆ. ಪ್ರಪಾತದ ಎದುರಿನಲ್ಲಿ ಹತ್ತಿರದ ವಸ್ತುವೇ ಇಲ್ಲ. ದೂರದ ಕಣಿವೆಯು ಕದಲಿದಂತೆ ತೋರುವುದೂ ಇಲ್ಲ. ಆಗ ತೂಗಾಟ ಹೆಚ್ಚುತ್ತದೆ, ತಲೆ ಸುತ್ತಿದಂತಾಗುತ್ತದೆ. ಇದು ಹೇಡಿತನವಲ್ಲ, ಪ್ರಕೃತಿಯ ಎಚ್ಚರಿಕೆ. ಅಂತಹ ಹೊತ್ತಿನಲ್ಲಿ ಕುಳಿತುಬಿಟ್ಟು, ಪಕ್ಕದ ಕಲ್ಲನ್ನೋ ಮರವನ್ನೋ ದಿಟ್ಟಿಸುವುದು ಲೇಸು. ಕ್ಯಾಮರಾದಲ್ಲಿ ಕಣ್ಣು ನೆಟ್ಟವರಿಗಂತೂ ಕಾಲ ಕೆಳಗಿನ ನೆಲವೇ ಮರೆತುಹೋಗುತ್ತದೆ. ಚಿತ್ರ ತೆಗೆಯುವವನು ಒಂದೆಡೆ ನಿಂತೇ ತೆಗೆಯಬೇಕು. ತೆಗೆಸಿಕೊಳ್ಳುವವರು ಹಿಂದಕ್ಕೆ ಸರಿಯಬಾರದು.

ಕುಟುಂಬದೊಡನೆ ಹೋಗುವವರು ಇನ್ನೂ ಕೆಲವನ್ನು ನೆನಪಿನಲ್ಲಿಡಬೇಕು. ಕಟ್ಟಿದ ಬೇಲಿಯು ಒರಗುವುದಕ್ಕಾಗಲಿ, ಮಗುವನ್ನು ಕೂರಿಸುವುದಕ್ಕಾಗಲಿ ಇರುವ ಪೀಠವಲ್ಲ. ಪುಟ್ಟ ಮಕ್ಕಳ ಕೈಯನ್ನು ಹಿರಿಯರೊಬ್ಬರು ಹಿಡಿದೇ ಇರಬೇಕು. ಸವೆದ ಚಪ್ಪಲಿ ಮನೆಯಲ್ಲಿಯೇ ಉಳಿಯಲಿ. ಗಾಳಿಗೆ ಟೋಪಿಯೋ ಶಾಲೋ ಹಾರಿದರೆ ಅದರ ಹಿಂದೆ ಓಡಬಾರದು. ದಾರಿ ಕಾಣದಷ್ಟು ಮಂಜು ಮುಸುಕಿದರೆ ಅದು ಸರಿಯುವವರೆಗೆ ನಿಂತಲ್ಲಿಯೇ ನಿಲ್ಲುವುದು ಕ್ಷೇಮ.

ಅವಘಡವೇ ಸಂಭವಿಸಿದರೆ, ಸೀರೆ ಪಂಚೆಗಳನ್ನು ಗಂಟು ಹಾಕಿ ಇಳಿಯುವ ಸಾಹಸ ಬೇಡ. ಒಬ್ಬರ ಜತೆಗೆ ಇಬ್ಬರು ಸಿಕ್ಕಿಕೊಂಡಾರು. ಬಿದ್ದ ತಾಣವನ್ನು ಗುರುತಿಟ್ಟುಕೊಂಡು, 112 ಸಂಖ್ಯೆಗೆ ಕರೆ ಮಾಡಿ, ನೆರವು ಬರುವ ತನಕ ಒಬ್ಬರು ಕ್ಷೇಮವಾದ ಕಡೆ ನಿಂತು ಧೈರ್ಯ ಹೇಳುತ್ತಿರಬೇಕು. ಬಿದ್ದವನು ಜ್ಞಾನದಲ್ಲಿದ್ದರೆ ಅಲುಗಾಡದಿರುವುದೇ ಒಳ್ಳೆಯದು.

ಬೆಟ್ಟಕ್ಕೆ ಹೋಗಲೇಬಾರದೆಂದು ಇದರ ಅರ್ಥವಲ್ಲ. ನೆಲ ಸಮನಾಗಿರುವ ಕಡೆ, ಹತ್ತು ಹೆಜ್ಜೆ ಹಿಂದೆ ನಿಂತವರಿಗೂ ಮೂಡುವುದು ಅದೇ ಸೂರ್ಯ.