ಬಿಡಾರಕ್ಕೊಂದು ಡಿಶ್: ಆಗ್ನೇಯಕ್ಕೆ ಮುಖ, ನೆಲಕ್ಕೆ ಬಿಗಿ

ಕಬ್ಬು ಕಡಿಯುವ ಹಂಗಾಮು ಬಂತೆಂದರೆ ವಿಜಯಪುರ ಜಿಲ್ಲೆಯ ನೀರಾವರಿ ಹೊಲಗಳ ನಡುವೆ ಹೊಸ ಓಣಿಗಳೇ ಹುಟ್ಟಿಕೊಳ್ಳುತ್ತವೆ. ಬಿದಿರು, ರವದಿ, ತಾಡಪತ್ರಿ ಸೇರಿಸಿ ಕಟ್ಟಿದ ಗುಡಿಸಲು, ಮುಂದೆ ಮೂರು ಕಲ್ಲಿನ ಒಲೆ, ಪಕ್ಕದಲ್ಲಿ ಟ್ರ್ಯಾಕ್ಟರ್. ಮಹಾರಾಷ್ಟ್ರದ ಕಡೆಯಿಂದ ಬರುವ ಗ್ಯಾಂಗುಗಳು ಇಲ್ಲಿ ಬಿಡಾರ ಹೂಡಿದರೆ, ನಮ್ಮ ತಾಂಡಾಗಳ ಜನ ಅತ್ತ ಹೋಗಿ ಬಿಡಾರ ಹೂಡುತ್ತಾರೆ. ಕುರಿ ಹಿಂಡಿನ ಜೊತೆ ಊರೂರು ಸುತ್ತುವವರಿದ್ದಾರೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಜಾನುವಾರು ಹೊಡೆದುಕೊಂಡು ಬಂದು ಬಯಲಲ್ಲೇ ರಾತ್ರಿ ಕಳೆಯುವವರಿದ್ದಾರೆ. ಬಿಡಾರದ ಬದುಕು ನಮಗೆ ಹೊಸದಲ್ಲ.

ಇಡೀ ದಿನ ದುಡಿದ ಮೈಗೆ ಸಂಜೆ ಒಂದು ತಾಸು ಟಿವಿ ಬೇಕೆನಿಸುತ್ತದೆ. ಸುದ್ದಿ, ಹವಾಮಾನ, ಒಂದು ಹಾಡು, ಮಕ್ಕಳಿಗೊಂದು ಸಿನಿಮಾ. ಮೊಬೈಲ್ ಸಿಗ್ನಲ್ ಎಲ್ಲ ಹೊಲಕ್ಕೂ ಒಂದೇ ತೆರನಾಗಿ ಬರುವುದಿಲ್ಲ, ಬಂದರೂ ಡೇಟಾ ಬೇಗ ಮುಗಿಯುತ್ತದೆ. ಆಗ ನೆರವಿಗೆ ಬರುವುದು ಡಿಶ್. ಹೊತ್ತೊಯ್ಯಲು ಎಂಥ ಡಿಶ್ ಕೊಳ್ಳಬೇಕು? ಈ ಪ್ರಶ್ನೆಗೆ ಅಂಗಡಿಯ ಬೆಲೆಪಟ್ಟಿಗಿಂತ ನಮ್ಮ ತಲೆಯ ಮೇಲಿನ ಆಕಾಶ ಒಳ್ಳೆಯ ಉತ್ತರ ಕೊಡುತ್ತದೆ.

ಐವತ್ತು ವರ್ಷದ ಹಿಂದಿನ ತಟ್ಟೆ

ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಟಿವಿ ಇಳಿದ ಜಗತ್ತಿನ ಮೊದಲ ದೊಡ್ಡ ಪ್ರಯೋಗದಲ್ಲಿ ನಮ್ಮ ಜಿಲ್ಲೆಗೂ ಪಾಲಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗ ಅದು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು. ನೆಲದ ಮೇಲಿನ ವ್ಯವಸ್ಥೆ ಇಸ್ರೋದ್ದು, ಕಾರ್ಯಕ್ರಮಗಳು ಬಹುಪಾಲು ಆಕಾಶವಾಣಿಯವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಮುದಾಯದ ಟಿವಿ ಪೆಟ್ಟಿಗೆಗಳನ್ನು ಇಟ್ಟರು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ವಿಜಾಪುರ (ಇಂದಿನ ವಿಜಯಪುರ), ಗುಲಬರ್ಗಾ, ರಾಯಚೂರು. ಬೇಸಾಯ, ಆರೋಗ್ಯ, ಶಾಲೆಯ ಪಾಠ ಕನ್ನಡದಲ್ಲೇ ಆಕಾಶದಿಂದ ಬಂದವು.

ಆಗಿನ ತಟ್ಟೆ ಮೂರು ಮೀಟರ್ ಅಗಲ, ಅಂದರೆ ಹತ್ತು ಅಡಿ. ಕೋಳಿಗೂಡಿಗೆ ಹೊಡೆಯುವಂಥ ತಂತಿಯ ಜಾಳಿಗೆಯಿಂದಲೇ ಅದನ್ನು ಮಾಡಿದ್ದರು. ತೂತುಗಳಿದ್ದರೂ ಕೆಲಸ ನಡೆಯಿತು, ಏಕೆಂದರೆ ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಸಣ್ಣ ತೂತು ಕಾಣುವುದೇ ಇಲ್ಲ, ಜಾಳಿಗೆಯೂ ಅದಕ್ಕೆ ಗಟ್ಟಿ ಗೋಡೆ. ಇಂದಿನ ಡಿಟಿಎಚ್ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಮಾತ್ರ. ಅಲೆ ಚಿಕ್ಕದಾದಷ್ಟೂ ಅದನ್ನು ಒಂದೆಡೆ ಕೂಡಿಸುವ ತಟ್ಟೆಯೂ ಚಿಕ್ಕದಾದರೆ ಸಾಕು. ಲೆಕ್ಕ ಹಾಕಿದರೆ, ಇಂದಿನ ಎರಡಡಿಯ ತಟ್ಟೆ ತನ್ನ ಅಲೆಯನ್ನು ಕೇಂದ್ರೀಕರಿಸುವ ಬಲ ಅಂದಿನ ಹತ್ತಡಿಯ ತಟ್ಟೆಯದ್ದಕ್ಕಿಂತ ಏಳೆಂಟು ಪಟ್ಟು ಹೆಚ್ಚು. ಆದರೆ ಅಲೆ ಚಿಕ್ಕದಾದರೆ ತಟ್ಟೆಯ ನಯ ಹೆಚ್ಚಬೇಕು. ಟ್ರೇಲರಿನಲ್ಲಿ ಸರಂಜಾಮಿನ ಕೆಳಗೆ ಸಿಕ್ಕಿ ತಗ್ಗು ಬಿದ್ದ ಡಿಶ್ ನೋಡಲು ಚೆನ್ನಾಗಿದ್ದರೂ ಕಿವಿ ಮಂದವಾಗಿರುತ್ತದೆ.

ನಮ್ಮ ಆಕಾಶ ಉದಾರ

ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಭೂಮಿ ತನ್ನ ಸುತ್ತ ತಾನು ತಿರುಗುವ ವೇಗಕ್ಕೆ ಸರಿಯಾಗಿ ಅವೂ ತಿರುಗುವುದರಿಂದ ನಮಗೆ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತವೆ. ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ಬಿಡಾರದವರಿಗೆ ಹೇಳಿ ಮಾಡಿಸಿದ್ದು. 2004ರ ಡಿಸೆಂಬರಿನಲ್ಲಿ 33 ಚಾನೆಲ್‌ಗಳೊಂದಿಗೆ ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಹೆಸರಿನಲ್ಲಿ ಶುರುವಾಯಿತು. ನಮ್ಮ ಚಂದನ ವಾಹಿನಿ ಇದರಲ್ಲಿ ಸಿಗುತ್ತದೆ. ಇದನ್ನು ಬಿತ್ತರಿಸುವ ಜಿಸ್ಯಾಟ್-15 ಉಪಗ್ರಹ 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆಗೊಂಡಿತು. ಅದರ ಚುಕ್ಕಾಣಿ ಹಾಸನದ ಇಸ್ರೋ ಕೇಂದ್ರದ ಕೈಯಲ್ಲಿದೆ.

ನಮ್ಮ ಜಿಲ್ಲೆಯ ಸಾರವಾಡ ಊರಿನಿಂದ ಈ ಉಪಗ್ರಹ ಎಲ್ಲಿ ಕಾಣುತ್ತದೆ? ಉತ್ತರದಿಂದ ಬಲಕ್ಕೆ ತಿರುಗುತ್ತ ಅಳೆದರೆ ಸುಮಾರು 132 ಡಿಗ್ರಿ, ಅಂದರೆ ಅಪ್ಪಟ ಆಗ್ನೇಯ. ಊರಿನಲ್ಲಿ ವಿಜಯಪುರ ಪಟ್ಟಣದ ಕಡೆ ಮುಖ ಮಾಡಿ ನಿಂತರೆ ಸುಮಾರಾಗಿ ಬಲಗೈ ಚಾಚಿದ ದಿಕ್ಕು. ಎತ್ತರ ದಿಗಂತದಿಂದ ಸುಮಾರು 61 ಡಿಗ್ರಿ, ನೆತ್ತಿಗೆ ಹೋಗುವ ಹಾದಿಯಲ್ಲಿ ಮೂರರಲ್ಲಿ ಎರಡು ಪಾಲು. ಇಂಗ್ಲೆಂಡಿನಲ್ಲಿ ಕ್ಯಾಂಪಿಗೆ ಹೋದವರಿಗೆ ಅವರ ಉಪಗ್ರಹ ಸುಮಾರು 25 ಡಿಗ್ರಿಯಷ್ಟೇ ಮೇಲಿರುತ್ತದೆ. ಎದುರಿಗೊಂದು ಮರವಿದ್ದರೆ ಅದರ ಎತ್ತರದ ಎರಡು ಪಟ್ಟು ದೂರ ಅವರು ಸರಿಯಬೇಕು. ನಮಗೆ ಮರದ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು ದೂರವಿದ್ದರೆ ಆಯಿತು. ಇಪ್ಪತ್ತಡಿಯ ಬೇವಿನ ಮರದಿಂದ ಹನ್ನೆರಡು ಅಡಿ ಈಚೆ ಬಂದರೆ ಆಕಾಶ ತೆರೆದುಕೊಳ್ಳುತ್ತದೆ.

ಆದ್ದರಿಂದ ವಿದೇಶದ ಕ್ಯಾಂಪಿಂಗ್ ಜಾಹೀರಾತುಗಳಲ್ಲಿ ಕಾಣುವ, ತಾನೇ ತಿರುಗಿ ಉಪಗ್ರಹ ಹುಡುಕುವ ಗುಮ್ಮಟದಂಥ ಡಿಶ್ ನಮಗೆ ಬೇಕಿಲ್ಲ. ದಿನಕ್ಕೊಂದು ಊರು ಬದಲಿಸುವ ಗಾಡಿಮನೆಗಳಿಗೆ ಮಾಡಿದ್ದು ಅದು. ಮೋಟಾರು ತಿನ್ನುವ ಕರೆಂಟು ಬೇರೆ, ಬೆಲೆ ಬೇರೆ, ಕೆಟ್ಟರೆ ರಿಪೇರಿಗೆ ಜನ ಸಿಗುವುದಿಲ್ಲ. ಮಡಚುವ ಚಪ್ಪಟೆ ಫಲಕದ ಆಂಟೆನಾ ಹಗುರ ನಿಜ. ಆದರೆ ಅಷ್ಟೇ ಸಿಗ್ನಲ್ ಹಿಡಿಯುವ ಸಾದಾ ತಟ್ಟೆ ಅದಕ್ಕಿಂತ ಬಹಳ ಅಗ್ಗ.

ಎಷ್ಟು ದೊಡ್ಡದು?

ಉಪಗ್ರಹದಿಂದ ಬಂದು ನಮ್ಮ ತಟ್ಟೆಯ ಮೇಲೆ ಬೀಳುವ ಶಕ್ತಿ ಒಂದು ವ್ಯಾಟ್‌ನ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಈ ಹನಿಗಳನ್ನು ಕೂಡಿಸಿ ತೋಳಿನ ತುದಿಯ ಎಲ್‌ಎನ್‌ಬಿ ಎಂಬ ಸಿಗ್ನಲ್ ಗ್ರಾಹಕಕ್ಕೆ ಕೊಡುವುದೇ ತಟ್ಟೆಯ ಕೆಲಸ. ಅಗಲ ಹೆಚ್ಚಿದಂತೆ ಕೂಡಿಸುವ ಶಕ್ತಿ ಅಗಲದ ವರ್ಗದಷ್ಟು ಹೆಚ್ಚುತ್ತದೆ. 60 ಸೆಂಟಿಮೀಟರಿನ ತಟ್ಟೆಗಿಂತ 90ರದ್ದು ಎರಡೂಕಾಲು ಪಟ್ಟು ಸಿಗ್ನಲ್ ಹಿಡಿಯುತ್ತದೆ, 45ರದ್ದು ಅರ್ಧಕ್ಕಿಂತ ತುಸು ಹೆಚ್ಚು.

ಹಾಗಾದರೆ 90ರದ್ದೇ ತರೋಣವೇ? ಬಿಡಾರಕ್ಕೆ ಬೇಡ. ತಟ್ಟೆ ದೊಡ್ಡದಾದಷ್ಟೂ ಅದರ ನೋಟ ಕಿರಿದಾಗುತ್ತದೆ. 60ರ ತಟ್ಟೆ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಅಗಲದ ಕಿಂಡಿಯಿಂದ ನೋಡುತ್ತದೆ, 90ರದ್ದು ಎರಡು ಡಿಗ್ರಿಯ ಕಿಂಡಿಯಿಂದ. ಅಂದರೆ ಹೊಂದಿಸುವುದು ಅಷ್ಟು ಕಷ್ಟ. ಗಾಳಿಯ ಒತ್ತಡವೂ ಎರಡೂಕಾಲು ಪಟ್ಟು ಬೀಳುತ್ತದೆ. 45ರದ್ದು ಚೀಲದಲ್ಲಿ ಹಿಡಿಯುತ್ತದೆ, ಆದರೆ ಮಳೆ ಮೋಡ ಕವಿದರೆ ಮೊದಲು ಕೈಕೊಡುವುದು ಅದೇ. ಮಳೆಹನಿಗಳು ಈ ಚಿಕ್ಕ ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. ಉಪಗ್ರಹ ನೆತ್ತಿಯ ಕಡೆ ಇರುವುದರಿಂದ ಮಳೆಯ ಪದರದಲ್ಲಿ ಅಲೆ ಕ್ರಮಿಸುವ ಹಾದಿ ನಮಗೆ ಮೋಟಾಗಿದೆ, ಅದು ನಮ್ಮ ಪುಣ್ಯ. ಹಾಗಾಗಿ 60ರಿಂದ 65 ಸೆಂಟಿಮೀಟರಿನ ಉಕ್ಕಿನ ತಟ್ಟೆ ಇಲ್ಲಿಗೆ ಹದವಾದ ಅಳತೆ.

ಎರೆ ಮಣ್ಣಿನ ಮೇಲೆ ಮೂರು ಕಾಲು

ಡಿಶ್‌ಗಿಂತ ಹೆಚ್ಚು ಯೋಚಿಸಬೇಕಾದದ್ದು ಅದರ ಸ್ಟ್ಯಾಂಡಿನ ಬಗ್ಗೆ. ಸಾರವಾಡದ ಪಕ್ಕದಲ್ಲಿ ಹರಿಯುವ ಡೋಣಿಯ ಬಯಲು ಎರೆ ಮಣ್ಣಿನದು. ಒಣಗಿದರೆ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಕಾಲುಗಳ ನಡುವೆ ಎರಡಡಿ ಅಂತರವಿರುವ ಸ್ಟ್ಯಾಂಡಿನ ಒಂದು ಕಾಲು ಒಂದು ಸೆಂಟಿಮೀಟರ್ ಇಳಿದರೆ ಡಿಶ್ ಒಂದು ಡಿಗ್ರಿ ವಾಲುತ್ತದೆ. ಮೂರು ಸೆಂಟಿಮೀಟರ್ ಇಳಿದರೆ ಆ ಮೂರು ಡಿಗ್ರಿಯ ಕಿಂಡಿಯಿಂದ ಉಪಗ್ರಹ ಹೊರಗೇ ಹೋಯಿತು. ನಿನ್ನೆ ಬರುತ್ತಿದ್ದ ಟಿವಿ ಇವತ್ತು ಬರುತ್ತಿಲ್ಲ ಎಂದಾಗ ಸೆಟ್‌ಟಾಪ್ ಬಾಕ್ಸನ್ನು ಬಯ್ಯುವ ಮೊದಲು ಕಾಲುಗಳನ್ನು ನೋಡಿ.

ಮೂರು ಕಾಲಿನ ಅಡಿಗೂ ಒಂದೊಂದು ಫರ್ಸಿ ಕಲ್ಲಿನ ತುಂಡು ಇಡಿ. ಸ್ಟ್ಯಾಂಡಿನ ನಡುವಿನಿಂದ ನೀರು ತುಂಬಿದ ಕ್ಯಾನು ತೂಗುಹಾಕಿ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಆ ಹೊತ್ತಿನಲ್ಲಿ ಡಿಶ್ ಉಳಿಸುವುದು ಈ ಭಾರವೇ. ಕೊಳ್ಳುವಾಗಲೂ ಇದನ್ನೇ ಪರೀಕ್ಷಿಸಿ: ಎಲ್ಲ ನಟ್ಟು ಬಿಗಿದ ಮೇಲೆ ತಟ್ಟೆಯ ಅಂಚು ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನಬಾರದು.

ಹೊಂದಿಸುವ ಬಗೆ

ಮೊದಲು ಕಂಬ ನೆಟ್ಟಗಿರಲಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಎರಡು ಕಡೆಯಿಂದ ನೋಡಿದರೆ ಗೊತ್ತಾಗುತ್ತದೆ. ನಮ್ಮ ಡಿಶ್‌ಗಳ ಎಲ್‌ಎನ್‌ಬಿ ತಟ್ಟೆಯ ನಡುವೆ ಇರದೆ ಕೆಳಗಿನ ತೋಳಿನಲ್ಲಿ ಇರುತ್ತದೆ. ಹಾಗಾಗಿ ತಟ್ಟೆ ನೋಡುವ ದಿಕ್ಕು ಅದು ಮುಖ ಮಾಡಿದಂತೆ ಕಾಣುವ ದಿಕ್ಕಿಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿರುತ್ತದೆ. 61 ಡಿಗ್ರಿ ಬೇಕೆಂದು ತಟ್ಟೆಯನ್ನೇ ಅಷ್ಟು ಹಿಂದಕ್ಕೆ ಮಲಗಿಸಿದರೆ ಉಪಗ್ರಹದ ತಲೆಯ ಮೇಲಿಂದ ನೋಡಿದಂತಾಗುತ್ತದೆ. ನೆಟ್ಟಗೆ ನಿಂತ ತಟ್ಟೆಯನ್ನು 37-40 ಡಿಗ್ರಿ ಹಿಂದಕ್ಕೆ ಬಾಗಿಸಿದರೆ ಸಾಕು.

ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಸಾಕಾಗುತ್ತದೆ, ಕಬ್ಬಿಣದ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಮೊಬೈಲ್ ಇಲ್ಲದಿದ್ದರೆ ಸೂರ್ಯನಿದ್ದಾನೆ. ಕಬ್ಬಿನ ಹಂಗಾಮಿನ ನಡುವೆ, ಡಿಸೆಂಬರ್ ಕೊನೆಯಲ್ಲಿ, ಬೆಳಿಗ್ಗೆ ಒಂಬತ್ತೂವರೆಯ ಸೂರ್ಯ ಇದೇ ದಿಕ್ಕಿನಲ್ಲಿ ಇರುತ್ತಾನೆ. ಎತ್ತರ ಮಾತ್ರ ಉಪಗ್ರಹದ ಅರ್ಧದಷ್ಟು. ಆಗ ಕಂಬದ ನೆರಳು ಬಿದ್ದ ಗೆರೆಗೆ ಬೆನ್ನು ಮಾಡಿ ಡಿಶ್ ನಿಲ್ಲಿಸಿದರೆ ಆಯಿತು. ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಾನೆ. ಆ ನಾಲ್ಕಾರು ದಿನ ಕೆಲವು ನಿಮಿಷ ಚಿತ್ರ ಹೋದರೆ ಹೆದರಬೇಡಿ, ಅದು ಸೂರ್ಯನ ಗದ್ದಲ.

ಇನ್ನು ಒಬ್ಬರು ಟಿವಿ ಮುಂದೆ, ಒಬ್ಬರು ಡಿಶ್ ಹಿಂದೆ. ಬಾಕ್ಸಿನ ಸಿಗ್ನಲ್ ಪರದೆಯಲ್ಲಿ ಎರಡು ಪಟ್ಟಿಗಳಿರುತ್ತವೆ: ಬಲ ಮತ್ತು ಗುಣಮಟ್ಟ. ಬಲದ ಪಟ್ಟಿ ಬರಿಯ ಗದ್ದಲಕ್ಕೂ ಏರುತ್ತದೆ, ಅದನ್ನು ನಂಬಿ ಕೆಟ್ಟವರೇ ಹೆಚ್ಚು. ಗುಣಮಟ್ಟದ ಪಟ್ಟಿ ಏಳುವುದು ಸರಿಯಾದ ಸಿಗ್ನಲ್ ಸಿಕ್ಕಾಗ ಮಾತ್ರ. ಬೆರಳಗಲ ತಿರುಗಿಸಿ, ನಾಲ್ಕೈದು ಸೆಕೆಂಡು ತಡೆಯಿರಿ, ಮತ್ತೆ ತಿರುಗಿಸಿ. ಡಿಜಿಟಲ್ ಬಾಕ್ಸಿಗೆ ಸಿಗ್ನಲ್ ಗುರುತು ಹಿಡಿಯಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ಗಿರಗಿರ ತಿರುಗಿಸಿದವರು ಉಪಗ್ರಹವನ್ನು ದಾಟಿ ಹೋಗಿರುತ್ತಾರೆ. ಪಟ್ಟಿ ಎದ್ದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಆಚೀಚೆ ಹೊರಳಿಸಿ, ಪಟ್ಟಿ ಅತಿ ಹೆಚ್ಚು ಏರಿದ ಕಡೆ ಬಿಗಿಯಿರಿ.

ಕರೆಂಟಿನ ಲೆಕ್ಕ

12 ವೋಲ್ಟಿನಲ್ಲಿ ನಡೆಯುವ ಬಾಕ್ಸು ಮತ್ತು ಸಣ್ಣ ಎಲ್‌ಇಡಿ ಟಿವಿ ಆರಿಸಿ. ಎರಡೂ ಸೇರಿ 35 ವ್ಯಾಟ್ ತಿನ್ನುತ್ತವೆ ಎಂದಿಟ್ಟುಕೊಳ್ಳೋಣ. ಹೊಲಕ್ಕೆ ಎಣ್ಣೆ ಹೊಡೆಯುವ ಪಂಪಿನ 12 ವೋಲ್ಟ್, 8 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ 96 ವ್ಯಾಟ್-ತಾಸು ಶಕ್ತಿ ಇರುತ್ತದೆ. ಅರ್ಧವನ್ನಷ್ಟೇ ಬಳಸಿದರೆ ಬ್ಯಾಟರಿ ಬಾಳುತ್ತದೆ, ಆಗ ಒಂದೂಕಾಲು ತಾಸಿಗೂ ಸ್ವಲ್ಪ ಹೆಚ್ಚು ಟಿವಿ. ಟ್ರ್ಯಾಕ್ಟರಿನ ಬ್ಯಾಟರಿಗೆ ಕೈಹಾಕಬೇಡಿ. ಬೆಳಿಗ್ಗೆ ಟ್ರ್ಯಾಕ್ಟರ್ ಶುರುವಾಗದಿದ್ದರೆ ಒಂದು ದಿನದ ಕೂಲಿಯೇ ಹೋಗುತ್ತದೆ. ಡಿಶ್‌ನಿಂದ ಬಾಕ್ಸಿಗೆ ಹೋಗುವ ಕೇಬಲ್ ಹದಿನೈದು ಮೀಟರ್ ಒಳಗಿರಲಿ, ಜಾಯಿಂಟ್ ಬೇಡ.

ಎಚ್ಚರಿಕೆಯ ಎರಡು ಮಾತು. ಕರೆಂಟಿನ ತಂತಿ ಹಾದುಹೋದ ಕೆಳಗೆ ಡಿಶ್ ನಿಲ್ಲಿಸಬೇಡಿ. ದೂರದಲ್ಲಿ ಗುಡುಗು ಕೇಳಿದೊಡನೆ ಬಾಕ್ಸಿನಿಂದ ಕೇಬಲ್ ಬಿಚ್ಚಿಬಿಡಿ. ಬಯಲ ಹೊಲದಲ್ಲಿ ನಿಂತ ಲೋಹದ ತಟ್ಟೆಯ ಹತ್ತಿರ ಆ ಹೊತ್ತಿನಲ್ಲಿ ಯಾರೂ ಸುಳಿಯಬಾರದು.

1975ರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳ ತಟ್ಟೆಗಳು ಪಡುವಣಕ್ಕೆ ಮುಖ ಮಾಡಿದ್ದವು, ಎಟಿಎಸ್-6 ಆಗ ಪೂರ್ವ ಆಫ್ರಿಕಾದ ಮೇಲಿತ್ತು. ಅವನ್ನು ನಿಲ್ಲಿಸಲು ಎಂಜಿನಿಯರರು ಬರಬೇಕಿತ್ತು. ಇಂದು ಅದೇ ವಿದ್ಯೆ ಎರಡು ಅಂಕಿಗಳಲ್ಲಿ ಅಡಗಿದೆ: ದಿಕ್ಕು 132, ಎತ್ತರ 61. ಡಿಶ್‌ನ ಬೆನ್ನ ಮೇಲೆ ಬಣ್ಣದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಹಂಗಾಮಿಗೆ ಬಿಡಾರ ಕೊಲ್ಹಾಪುರಕ್ಕೆ ಹೋದರೂ ದಿಕ್ಕಿನಲ್ಲಿ ಎರಡು ಡಿಗ್ರಿ, ಎತ್ತರದಲ್ಲಿ ಒಂದು ಡಿಗ್ರಿಯಷ್ಟೇ ವ್ಯತ್ಯಾಸ.