ವಿದ್ಯುತ್ ಪ್ರವಾಹದಿಂದ ಸರಿಯುವ ಕಾಂತೀಯ ಎಲ್ಲೆಗಳು

ಫೆರೋಕಾಂತೀಯ ವಸ್ತುವೊಂದರಲ್ಲಿ ಪರಮಾಣುಗಳ ಕಾಂತತ್ವವು ಎಲ್ಲೆಡೆಯೂ ಒಂದೇ ದಿಕ್ಕಿಗೆ ಮುಖಮಾಡಿರಬೇಕೆಂದಿಲ್ಲ. ಒಂದೊಂದು ದಿಕ್ಕಿನವು ಒಂದೊಂದು ವಲಯವಾಗಿ ನೆರೆದಿರುತ್ತವೆ. ಈ ವಲಯಗಳ ಕಲ್ಪನೆಯನ್ನು 1907ರಲ್ಲಿ ಪಿಯರ್ ವೈಸ್ ಅವರು ಮಂಡಿಸಿದರು. ಎರಡು ವಲಯಗಳು ಕೂಡುವ ಸ್ಥಳವನ್ನು ಭೌತವಿಜ್ಞಾನಿಗಳು 'ಗೋಡೆ' ಎಂದು ಕರೆಯುತ್ತಾರೆ. ಜಾನಪದ ಅಭ್ಯಾಸಿಗೆ ಈ ಹೆಸರು ಅಷ್ಟು ಸಮರ್ಪಕವೆನಿಸದು. ಅಲ್ಲಿ ಗೋಡೆಯಂಥದೇನೂ ಇಲ್ಲ. ಕಾಂತತ್ವದ ದಿಕ್ಕು ಕ್ರಮಕ್ರಮವಾಗಿ ತಿರುಗುವ ಕಿರಿದಾದ ಪಟ್ಟಿಯೊಂದಿದೆ. ನಮ್ಮ ಹಳ್ಳಿಗರ 'ಎಲ್ಲೆ' ಎಂಬ ಮಾತು ಇದಕ್ಕೆ ಹೆಚ್ಚು ಹತ್ತಿರ. ಎರಡು ಊರುಗಳ ಎಲ್ಲೆ ಸರಿದರೆ ನೆಲ ಸರಿಯುವುದಿಲ್ಲ. ಈ ಊರಿನ ಹೊಲ ಆ ಊರಿಗೆ ಸೇರುತ್ತದೆ, ಅಷ್ಟೆ. ಕಾಂತೀಯ ಎಲ್ಲೆ ಸರಿಯುವಾಗಲೂ ಪರಮಾಣುಗಳು ಇದ್ದಲ್ಲಿಯೇ ಇದ್ದು ದಿಕ್ಕನ್ನು ಮಾತ್ರ ಬದಲಿಸುತ್ತವೆ.

ಇಂತಹ ಎಲ್ಲೆಯನ್ನು ಸರಿಸಲು ಹೊರಗಿನಿಂದ ಕಾಂತಕ್ಷೇತ್ರವನ್ನು ಒಡ್ಡುವುದು ಹಳೆಯ ಕ್ರಮ. ವಸ್ತುವಿನೊಳಗೆ ಹರಿಯುವ ವಿದ್ಯುತ್ತೇ ಆ ಕೆಲಸವನ್ನು ಮಾಡಬಲ್ಲುದೆಂಬ ಸಿದ್ಧಾಂತವನ್ನು ಲೂಕ್ ಬರ್ಗರ್ ಅವರು ಕಳೆದ ಶತಮಾನದಲ್ಲಿಯೇ ಬೆಳೆಸಿದ್ದರು. ವಿದ್ಯುತ್ತನ್ನು ಹೊತ್ತೊಯ್ಯುವ ಕಣಗಳಿಗೆ 'ಸ್ಪಿನ್' ಎಂಬ ಸಹಜ ಕಾಂತಗುಣವಿದೆ. ಒಂದು ವಲಯದಿಂದ ಇನ್ನೊಂದಕ್ಕೆ ದಾಟುವಾಗ ಅದು ತಿರುಗಬೇಕಾಗುತ್ತದೆ; ಆ ತಿರುವಿನ ಪ್ರತಿಕ್ರಿಯೆ ಎಲ್ಲೆಯ ಪರಮಾಣುಗಳ ಮೇಲೆ ಬಿದ್ದು ಎಲ್ಲೆ ಸರಿಯುತ್ತದೆ. ಆದರೆ ಲೋಹಗಳಲ್ಲಿ ಇದಕ್ಕೆ ಚದರ ಸೆಂಟಿಮೀಟರಿಗೆ ಕೋಟಿ ಆಂಪಿಯರ್ ಇಲ್ಲವೇ ಅದಕ್ಕೂ ಮೀರಿದ ಪ್ರವಾಹ ಬೇಕಾಗುತ್ತಿತ್ತು. ಅಷ್ಟರಲ್ಲಿ ತಂತಿಯೇ ಕಾದುಹೋಗುತ್ತದೆ.

2004ರಲ್ಲಿ ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಯಮನೌಚಿ, ಚಿಬಾ, ಮತ್ಸುಕುರಾ ಮತ್ತು ಓನೊ ಅವರು ಈ ತೊಡಕಿಗೆ ಅರೆವಾಹಕದಲ್ಲಿ ದಾರಿ ತೋರಿದರು. ಅವರು ಬಳಸಿದ್ದು ಮ್ಯಾಂಗನೀಸ್ ಬೆರೆಸಿದ ಗ್ಯಾಲಿಯಂ ಆರ್ಸೆನೈಡ್. ಇಲ್ಲಿ ಮ್ಯಾಂಗನೀಸ್ ಎರಡು ಕೆಲಸ ಮಾಡುತ್ತದೆ: ಕಾಂತತ್ವವನ್ನು ತರುತ್ತದೆ, ಧನಾವೇಶದ 'ರಂಧ್ರ'ಗಳನ್ನೂ ಒದಗಿಸುತ್ತದೆ. ಮ್ಯಾಂಗನೀಸ್ ಪರಮಾಣುಗಳು ವಿರಳವಾದುದರಿಂದ ಒಟ್ಟು ಕಾಂತತ್ವ ಅಲ್ಪ, ತಿರುಗಿಸಬೇಕಾದುದೂ ಅಲ್ಪ. ಹೀಗಾಗಿ ಚದರ ಸೆಂಟಿಮೀಟರಿಗೆ ಸುಮಾರು 1 ಲಕ್ಷ ಆಂಪಿಯರ್ ಸಾಲುವಂತಾಯಿತು. ಹೊರಗಿನ ಕಾಂತಕ್ಷೇತ್ರವಿಲ್ಲದೆ, ಬರಿಯ ವಿದ್ಯುತ್ ಮಿಡಿತಗಳಿಂದ ಎಲ್ಲೆ ಸರಿಯಿತು. ಪ್ರವಾಹವನ್ನು ತಿರುಗಿಸಿದಾಗ ಹಿಂದಕ್ಕೂ ಬಂದಿತು. ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕಿನ ಧ್ರುವೀಕರಣದ ಬದಲಾವಣೆಯಿಂದ ಇದನ್ನು ಕಂಡುಕೊಳ್ಳಲಾಯಿತು. ಬರಿಯ ಶಾಖದಿಂದ ಎಲ್ಲೆ ಸರಿದಿದ್ದರೆ ಪ್ರವಾಹದ ದಿಕ್ಕಿಗೆ ಅದು ಹೀಗೆ ಓಗೊಡುತ್ತಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ರಂಧ್ರಗಳು ಪ್ರವಾಹದ ದಿಕ್ಕಿನಲ್ಲಿಯೇ ಸಾಗುತ್ತವೆ, ಎಲ್ಲೆಯಾದರೋ ಅದಕ್ಕೆ ಎದುರಾಗಿ ಸರಿಯುತ್ತದೆ. ರಂಧ್ರಗಳ ಸ್ಪಿನ್ ಮ್ಯಾಂಗನೀಸಿನ ಸ್ಪಿನ್‌ಗೆ ವಿರುದ್ಧ ದಿಕ್ಕಿನಲ್ಲಿ ಹೊಂದಿಕೊಳ್ಳುವುದೇ ಇದಕ್ಕೆ ಕಾರಣ.

ಈ ಪದಾರ್ಥದ ಮಿತಿಯೂ ಸಣ್ಣದಲ್ಲ. ಅದರ ಕಾಂತತ್ವವು ಅತ್ಯುತ್ತಮ ಮಾದರಿಗಳಲ್ಲಿಯೂ ಸುಮಾರು 200 ಕೆಲ್ವಿನ್‌ಗೆ, ಎಂದರೆ ಸೊನ್ನೆಗಿಂತ 73 ಡಿಗ್ರಿ ಸೆಲ್ಸಿಯಸ್ ಕೆಳಗೇ, ಅಳಿದುಹೋಗುತ್ತದೆ. ಆದ್ದರಿಂದಲೇ ಎಲ್ಲೆಗಳ ಸಾಲಿನಲ್ಲಿ ಮಾಹಿತಿಯನ್ನು ಕೂಡಿಡುವ ಸ್ಮೃತಿಸಾಧನದ ಪ್ರಯೋಗಗಳನ್ನು, 2008ರಲ್ಲಿ ಸ್ಟುವರ್ಟ್ ಪಾರ್ಕಿನ್ ಅವರ ತಂಡ ಮಾಡಿದಂತೆ, ಲೋಹದ ತಂತಿಗಳಲ್ಲಿ ನಡೆಸಬೇಕಾಯಿತು.